ಟಿಕೆಟ್ ಸೊನ್ನೆ ಆಯ್ತು, ಸಂಜೆ ಬಸ್ ಎಲ್ಲಿ? ಶಕ್ತಿ ಯೋಜನೆ ಬಗ್ಗೆ ದಿನಾ ಬಸ್ ಹತ್ತುವವರು ಮಾತಾಡೋಣ

ವರದಾ_ತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಉಚಿತ ಮಾಡಿದ ಶಕ್ತಿ ಯೋಜನೆ ಬಗ್ಗೆ ಇಲ್ಲಿ ಆಗಾಗ ಜಗಳ ಏಳುತ್ತದೆ. ಒಬ್ಬರು "ಬಿಟ್ಟಿ ಭಾಗ್ಯ" ಅಂತಾರೆ, ಇನ್ನೊಬ್ಬರು "ಹೆಣ್ಣುಮಕ್ಕಳಿಗೆ ರೆಕ್ಕೆ ಬಂತು" ಅಂತಾರೆ. ದಿನಾ ಬಸ್ ಹತ್ತುವವರ ಮಾತು ನಡುವೆ ಕಳೆದುಹೋಗುತ್ತದೆ. ಅದಕ್ಕೇ ಈ ಚರ್ಚೆ.

ನಾನು ಹಾವೇರಿ ಜಿಲ್ಲೆಯವಳು. ನಮ್ಮೂರಿಂದ ತಾಲ್ಲೂಕು ಪೇಟೆಗೆ 19 ಕಿಲೋಮೀಟರ್. ಅಲ್ಲಿ ಬೀಜದ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. 2023ರ ಜೂನ್ 11ಕ್ಕೆ ಯೋಜನೆ ಶುರುವಾಗುವ ಮುಂಚೆ ಹೋಗಿ ಬರೋಕೆ ದಿನಕ್ಕೆ 50 ರೂಪಾಯಿ ಬೇಕಿತ್ತು. ಆಗ ಕೂಲಿ 350. ವಾರಕ್ಕೆ ಆರು ದಿನ ಅಂದರೆ 300 ರೂಪಾಯಿ ಬಸ್ಸಿಗೇ. ಹತ್ತಿರಹತ್ತಿರ ಒಂದು ದಿನದ ಕೂಲಿ. ಈಗ ಆ ದುಡ್ಡು ಮಗಳ ಟ್ಯೂಷನ್‌ಗೆ ಹೋಗುತ್ತಿದೆ. ಈ ಯೋಜನೆ ಬೇಡ ಅಂತ ನನ್ನ ಬಾಯಲ್ಲಿ ಯಾವತ್ತೂ ಬರಲ್ಲ.

ಆದರೆ ಸಂಜೆ ಏನಾಗುತ್ತಿದೆ ನೋಡಿ. ಮೊದಲು ನಮ್ಮೂರಿಗೆ ಸಂಜೆ ಎರಡು ಬಸ್ ಇದ್ದವು. 6.20ಕ್ಕೆ ಒಂದು. 7.45ಕ್ಕೆ ವಸ್ತಿ ಬಸ್. ಅದು ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹಾಲಿನ ಕ್ಯಾನ್ ಹೇರಿಕೊಂಡು ಹೊರಡುತ್ತಿತ್ತು. ಕೊರೊನಾದಲ್ಲಿ ವಸ್ತಿ ಬಸ್ ನಿಂತಿತು. ಮತ್ತೆ ಬರಲೇ ಇಲ್ಲ. ಈಗ 6.20 ಒಂದೇ. ಅದು ಬಸ್ ನಿಲ್ದಾಣದಲ್ಲೇ ತುಂಬಿಬಿಡುತ್ತದೆ. ನಾವು ಹತ್ತೋದು ಆಮೇಲಿನ ಸ್ಟಾಪಲ್ಲಿ. ಕಳೆದ ಮಂಗಳವಾರ ನಿಲ್ಲಿಸಲೇ ಇಲ್ಲ. ಏಳು ಜನ ಹೆಂಗಸರು ಟೆಂಪೋ ಹಿಡಿದು ತಲೆಗೆ 40 ರೂಪಾಯಿ ಕೊಟ್ಟು ಬಂದೆವು. ಕತ್ತಲಾಗಿತ್ತು, ಮಳೆ ಬೇರೆ.

ನನ್ನ ಪ್ರಶ್ನೆ ಇಷ್ಟೇ. ಉಚಿತ ಸರಿನಾ ತಪ್ಪಾ ಅಂತ ಎರಡು ವರ್ಷ ಕಿತ್ತಾಡಿದ್ದಾಯ್ತು. ಬಸ್ಸೇ ಇಲ್ಲ ಅಂತ ಯಾಕೆ ಯಾರೂ ಕೇಳುತ್ತಿಲ್ಲ? ನಿಮ್ಮೂರಲ್ಲಿ ಹೇಗಿದೆ?

---

ಲೆಕ್ಕದ_ಮೇಷ್ಟ್ರು

ಅಕ್ಕ, ನಿಮ್ಮ ಕಷ್ಟ ಓದಿ ಬೇಜಾರಾಯಿತು. ಆದರೆ ಬಸ್ ಯಾಕಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಆ ಉಚಿತದಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ನಾನು ಮೂವತ್ತು ವರ್ಷ ವಾಣಿಜ್ಯ ಪಾಠ ಮಾಡಿದವನು. ಲೆಕ್ಕ ನೋಡದೆ ಮಾತಾಡುವುದು ನನಗೆ ಬರುವುದಿಲ್ಲ.

2025-26ರ ಬಜೆಟ್‌ನಲ್ಲಿ ಶಕ್ತಿಗೆ ಇಟ್ಟಿದ್ದು 5,300 ಕೋಟಿ. ಇದು ಬಸ್ ಕೊಳ್ಳುವ ದುಡ್ಡಲ್ಲ. ಹೊಸ ಡ್ರೈವರ್ ನೇಮಕದ ದುಡ್ಡೂ ಅಲ್ಲ. ಈಗಾಗಲೇ ಓಡುತ್ತಿರುವ ಬಸ್ಸಿನ ಟಿಕೆಟ್ ದುಡ್ಡು. ಜನ ಜಾಸ್ತಿಯಾದರು, ಬಸ್ಸು ಆ ಲೆಕ್ಕದಲ್ಲಿ ಜಾಸ್ತಿಯಾಗಲಿಲ್ಲ. ಇತ್ತ ಸಾರಿಗೆ ನಿಗಮಗಳ ಪಿಎಫ್ ಬಾಕಿ, ಡೀಸೆಲ್ ಬಾಕಿ ತೀರಿಸೋಕೆ 2,000 ಕೋಟಿ ಸಾಲಕ್ಕೆ ಸರ್ಕಾರವೇ ಒಪ್ಪಿಗೆ ಕೊಡಬೇಕಾಯಿತು. ಸಾಲ ಮಾಡಿ ಡೀಸೆಲ್ ಬಿಲ್ಲು ಕಟ್ಟುವ ಸಂಸ್ಥೆ ನಿಮ್ಮೂರಿಗೆ ಎರಡನೇ ಬಸ್ ಎಲ್ಲಿಂದ ತರಬೇಕು?

ಅರ್ಧ ದರ ಇಟ್ಟಿದ್ದರೂ ಹೆಣ್ಣುಮಕ್ಕಳಿಗೆ ಅನುಕೂಲ ಆಗುತ್ತಿತ್ತು, ಸಂಸ್ಥೆಯ ಕೈಯಲ್ಲಿ ದಿನಾ ನಗದೂ ಇರುತ್ತಿತ್ತು.

---

ಹಾಸ್ಟೆಲ್_ಹುಡುಗ

ಮೇಷ್ಟ್ರೇ, ನೀವು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನಮ್ಮಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಹೆಗಲಲ್ಲಿ ಗಂಟು ಕಟ್ಟಿದೆ. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಜಾಸ್ತಿ ಆಯ್ತಲ್ಲ, ಅದು ಬಿದ್ದಿದ್ದು ಅಪ್ಪನಂಥವರ ಮೇಲೆ. ಅದೇ ಬಸ್ಸಲ್ಲಿ ಸಂಬಳದ ನೌಕರಿ ಇರೋ ಮೇಡಂ ಉಚಿತವಾಗಿ ಬರುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಬಡವ ಅನ್ನೋಕೆ ಹೆಂಗಸೇ ಆಗಬೇಕಾ?

ಇನ್ನು ನಮ್ಮಂಥ ಪಾಸ್ ಹುಡುಗರ ಕಥೆ. ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು ಕಾಲೇಜಿಗೆ ಹೋಗುತ್ತೇವೆ. ಅರ್ಧ ಸೀಟು ಗಂಡಸರಿಗೆ ಅಂತ ಆದೇಶದಲ್ಲಿ ಇದೆಯಂತೆ. ನಾನಂತೂ ಒಂದು ದಿನವೂ ನೋಡಿಲ್ಲ.

---

ವರದಾ_ತೀರ

ತಮ್ಮಾ, ನಿನ್ನ ಅಪ್ಪನ ಮಾತು ನನಗೆ ಅರ್ಥ ಆಗುತ್ತದೆ. ನಮ್ಮ ಮನೆಯವರೂ ಗೌಂಡಿ ಕೆಲಸಕ್ಕೆ ಟಿಕೆಟ್ ತೆಗೆದುಕೊಂಡೇ ಹೋಗುತ್ತಾರೆ. ಆದರೆ ಒಂದು ವಿಷಯ. ನಮ್ಮನೆಯಲ್ಲಿ ಮೊದಲು ಬಸ್ ಚಾರ್ಜಿಗೆ ದುಡ್ಡು ಇರುತ್ತಿದ್ದದ್ದು ಅವರ ಅಂಗಿ ಜೇಬಲ್ಲಿ. ತವರಿಗೆ ಹೋಗಬೇಕು ಅಂದರೆ, ಆಸ್ಪತ್ರೆಗೆ ಹೋಗಬೇಕು ಅಂದರೆ, "ಯಾಕೆ, ಏನು, ಈಗಲೇ ಬೇಕಾ" ಅಂತ ಕೇಳಿಸಿಕೊಂಡೇ ಹೊರಡಬೇಕಿತ್ತು. ಅವರು ಒಳ್ಳೆಯವರೇ. ಆದರೂ ಕೇಳುವುದು ಕೇಳುವುದೇ ಅಲ್ವಾ. ಈಗ ನಾನು ಕೇಳುವುದಿಲ್ಲ. ಹೇಳಿ ಹೋಗುತ್ತೇನೆ. 50 ರೂಪಾಯಿ ಉಳಿಯಿತು ಅನ್ನುವುದಕ್ಕಿಂತ ಇದು ದೊಡ್ಡದು ನನಗೆ.

---

ದೆಹಲಿ_ಕನ್ನಡತಿ

ಅಕ್ಕ ಹೇಳಿದ ಈ ಮಾತಿಗೆ ನೂರು ಲೈಕ್. ಇಲ್ಲಿ ದೆಹಲಿಯಲ್ಲಿ 2019ರ ಅಕ್ಟೋಬರ್ 29ಕ್ಕೇ ಹೆಂಗಸರಿಗೆ ಉಚಿತದ ಗುಲಾಬಿ ಟಿಕೆಟ್ ಬಂತು. ನಾನು ಶುರುವಿನಿಂದ ನೋಡುತ್ತಿದ್ದೇನೆ.

ಆದರೆ ಒಂದು ಎಚ್ಚರಿಕೆ ಹೇಳಬೇಕು. ಸ್ಟಾಪಲ್ಲಿ ಬರೀ ಹೆಂಗಸರು ನಿಂತಿದ್ದರೆ ಕೆಲವು ಡ್ರೈವರ್‌ಗಳು ನಿಲ್ಲಿಸದೆ ಹೋಗುತ್ತಾರೆ. ನನಗೇ ಎಷ್ಟೋ ಸಲ ಆಗಿದೆ. ಕೈ ಅಡ್ಡ ಹಿಡಿದರೂ ಕಣ್ಣು ತಪ್ಪಿಸಿ ಪಕ್ಕದ ಲೇನಿಗೆ ಹೋಗಿಬಿಡುತ್ತಾರೆ. ದುಡ್ಡು ಕೊಡದ ಪ್ರಯಾಣಿಕರು ಅಂತ ಒಮ್ಮೆ ತಲೆಗೆ ಹೊಕ್ಕರೆ ಹೀಗಾಗುತ್ತದೆ. ನಮ್ಮ ಕಡೆ ಆ ಸ್ಥಿತಿ ಬರಬಾರದು.

---

ಕಂಡಕ್ಟರ್_ಮನೆಯಿಂದ

ಹನ್ನೊಂದು ವರ್ಷದಿಂದ ಕಂಡಕ್ಟರ್. ಯಾವ ನಿಗಮ, ಯಾವ ಡಿಪೋ ಅಂತ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. ಇವತ್ತು ವಾರದ ರಜೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಹೆಂಗಸರು ದುಡ್ಡು ಕೊಡದ ಪ್ರಯಾಣಿಕರು ಅನ್ನುವುದೇ ತಪ್ಪು. ನಿಮ್ಮ ಟಿಕೆಟ್ ದುಡ್ಡನ್ನು ಸರ್ಕಾರ ಕೊಡಬೇಕು. ನಾನು ಕೊಡುವ ಆ ಸೊನ್ನೆ ರೂಪಾಯಿ ಚೀಟಿ ಇದೆಯಲ್ಲ, ಅದೇ ನಮ್ಮ ಸಂಸ್ಥೆ ಸರ್ಕಾರಕ್ಕೆ ಕಳಿಸುವ ಬಿಲ್ಲು. ನೀವು ಹತ್ತಿದ ಸ್ಟೇಜ್, ಇಳಿಯುವ ಸ್ಟೇಜ್, ಆ ದೂರದ ದರ ಎಲ್ಲಾ ಮಷೀನಲ್ಲಿ ದಾಖಲಾಗುತ್ತದೆ. ಚೀಟಿ ಹರಿಯದಿದ್ದರೆ ಲೆಕ್ಕದಲ್ಲಿ ನೀವು ಪ್ರಯಾಣ ಮಾಡಲೇ ಇಲ್ಲ.

ಈಗ ನನ್ನ ಒಂದು ಟ್ರಿಪ್ ನೋಡಿ. ಸೀಟು ಐವತ್ತು ಚಿಲ್ಲರೆ. ಒಳಗೆ ನೂರಾ ಹತ್ತು ಜನ. ಅದರಲ್ಲಿ ಎಪ್ಪತ್ತು ಹೆಣ್ಣುಮಕ್ಕಳು. ಒಬ್ಬೊಬ್ಬರ ಹತ್ತಿರ ಆಧಾರ್ ನೋಡಬೇಕು. ಎಲ್ಲಿಗೆ ಅಂತ ಕೇಳಬೇಕು. ಸ್ಟೇಜ್ ಒತ್ತಬೇಕು. ಚೀಟಿ ಬರುವ ತನಕ ಕಾಯಬೇಕು. ಒಂದು ಕೈಯಲ್ಲಿ ಮಷೀನು, ಇನ್ನೊಂದು ಕೈ ಮೇಲಿನ ಕಂಬಿಗೆ. ಮುಂದಿನ ಸ್ಟಾಪ್ ಎರಡು ಕಿಲೋಮೀಟರ್. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ತಲುಪಬೇಕು. "ಫ್ರೀ ಅಲ್ವಾ ಅಣ್ಣ, ಚೀಟಿ ಯಾಕೆ" ಅಂತಾರೆ ಕೆಲವರು. ಕೊಟ್ಟ ಚೀಟಿಯನ್ನು ಕಿಟಕಿಯಿಂದ ಹಾರಿಸುತ್ತಾರೆ. ಆಮೇಲೆ ಚೆಕಿಂಗ್‌ನವರು ಹತ್ತಿದರೆ ಮೆಮೊ ನನಗೆ. ದಯವಿಟ್ಟು ಆ ಚೀಟಿ ಇಳಿಯುವ ತನಕ ಇಟ್ಟುಕೊಳ್ಳಿ. ಕೈ ಮುಗಿದು ಕೇಳುತ್ತೇನೆ.

ನಿಲ್ಲಿಸದೆ ಹೋಗುವುದು ತಪ್ಪು, ಒಪ್ಪುತ್ತೇನೆ. ಆದರೆ ಬಾಗಿಲಿನ ಮೆಟ್ಟಿಲಲ್ಲಿ ಎಂಟು ಹುಡುಗರು ನೇತಾಡುತ್ತಿರುವಾಗ ಡ್ರೈವರ್‌ಗೆ ಬರುವ ಭಯವನ್ನೂ ಯೋಚಿಸಿ. ಯಾರಾದರೂ ಬಿದ್ದರೆ ಅವನ ಕೆಲಸ ಹೋಗುತ್ತದೆ, ಬಿದ್ದ ಹುಡುಗನ ಜೀವವೇ ಹೋಗಬಹುದು.

2025ರ ಆಗಸ್ಟ್ 5ರಂದು ನಾವು ಮುಷ್ಕರ ಮಾಡಿದ್ದು ಯೋಜನೆ ವಿರುದ್ಧ ಅಲ್ಲ. 38 ತಿಂಗಳ ಹಿಂಬಾಕಿ ಕೊಡಿ, 2024ರ ಜನವರಿಯಿಂದ ಆಗಬೇಕಿದ್ದ ಸಂಬಳ ಪರಿಷ್ಕರಣೆ ಮಾಡಿ ಅಂತ ಕೇಳಿದ್ದು. ಜನ ತುಂಬಿದ ಬಸ್ ಓಡಿಸುವವರಿಗೆ ಬಾಕಿ ಉಳಿಸಿಕೊಂಡು "ಯಶಸ್ವಿ ಯೋಜನೆ" ಅನ್ನುವುದು ನ್ಯಾಯ ಅಲ್ಲ.

---

ಲೆಕ್ಕದ_ಮೇಷ್ಟ್ರು

ಕಂಡಕ್ಟರ್ ಅವರೇ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ನಿಜವಾದ ಅಗತ್ಯಕ್ಕೆ ಎಷ್ಟು, ಸುಮ್ನೆ ಸುತ್ತಾಟಕ್ಕೆ ಎಷ್ಟು? 2023ರ ಜೂನಲ್ಲಿ ಧರ್ಮಸ್ಥಳ, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳಲ್ಲಿ ಆದ ನೂಕುನುಗ್ಗಲು ನಾವೆಲ್ಲ ನೋಡಿದ್ದೇವೆ.

---

ಪೀಣ್ಯ_ಶಿಫ್ಟ್

ಮೇಷ್ಟ್ರೇ, ಲೆಕ್ಕ ನೀವೇ ಕಲಿಸಿದ್ದು ಅಂದುಕೊಳ್ಳಿ. 2025ರ ಜುಲೈ 14ಕ್ಕೆ 500 ಕೋಟಿ ಸೊನ್ನೆ ಟಿಕೆಟ್ ಆಯ್ತು. ಅಷ್ಟೂ ಟಿಕೆಟ್‌ಗಳ ಮೌಲ್ಯ 12 ಸಾವಿರ ಕೋಟಿ ದಾಟಿತ್ತು. ಭಾಗಿಸಿ ನೋಡಿ. ಒಂದು ಟಿಕೆಟ್‌ಗೆ 25 ರೂಪಾಯಿ ಆಸುಪಾಸು ಬರುತ್ತದೆ. 25 ರೂಪಾಯಿಗೆ ಯಾವ ಊರಿಂದ ಧರ್ಮಸ್ಥಳ ಮುಟ್ಟೋಕಾಗುತ್ತೆ? ಇದು ಕೆಲಸಕ್ಕೆ, ಸಂತೆಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವ ದೂರ.

ಇನ್ನು ಧರ್ಮಸ್ಥಳಕ್ಕೇ ಹೋದರು ಅನ್ನಿ. ನಮ್ಮಮ್ಮನಿಗೆ 61 ವರ್ಷ. ಮದುವೆಯಾದ ಮೇಲೆ ಊರು, ಹೊಲ, ಆಸ್ಪತ್ರೆ ಬಿಟ್ಟು ಬೇರೆ ನೋಡಿರಲಿಲ್ಲ. ಪಕ್ಕದ ಮನೆಯ ನಾಲ್ಕು ಜನರ ಜೊತೆ ಹೋಗಿ ಬಂದು ಒಂದು ವಾರ ಅದೇ ಮಾತಾಡಿದರು. ಅದನ್ನು ನಾನು ಸುತ್ತಾಟ ಅಂತ ಕರೆಯಲಾರೆ.

---

ಲೆಕ್ಕದ_ಮೇಷ್ಟ್ರು

ಭಾಗಾಕಾರ ಸರಿ ಇದೆ. ಒಂದು ತಿದ್ದುಪಡಿ ಮಾತ್ರ. ಆ ಸರಾಸರಿಯಲ್ಲಿ ಬೆಂಗಳೂರಿನ ಬಿಎಂಟಿಸಿ ಟಿಕೆಟ್‌ಗಳೂ ಸೇರಿವೆ. ಅವು ಚಿಕ್ಕ ಚಿಕ್ಕ ದೂರದ್ದು, ಸರಾಸರಿಯನ್ನು ಕೆಳಗೆ ಎಳೆಯುತ್ತವೆ. ಆದರೂ ನೀವು ಹೇಳುವುದರಲ್ಲಿ ತಥ್ಯ ಇದೆ. ಬಹುಪಾಲು ಪ್ರಯಾಣ ಹತ್ತಿರದ್ದೇ ಅನ್ನುವುದನ್ನು ಒಪ್ಪುತ್ತೇನೆ. ಇದನ್ನು ನಾನು ಮೊದಲೇ ಭಾಗಿಸಿ ನೋಡಬೇಕಿತ್ತು. ನಿಮ್ಮ ತಾಯಿಯವರ ವಿಷಯದಲ್ಲಿ ನನ್ನ ಪದ ಒರಟಾಯಿತು, ಕ್ಷಮಿಸಿ.

---

ಮೂರು_ಚಕ್ರ

ನಾನು ಆಟೋ ಓಡಿಸುವವನು. ಮೈಸೂರು. ನಮ್ಮ ಮಾತನ್ನೂ ಸ್ವಲ್ಪ ಕೇಳಿ.

ಸಿಟಿ ಸ್ಟ್ಯಾಂಡಿನಿಂದ ಬಡಾವಣೆಗಳಿಗೆ ಹೋಗುವ ಹೆಂಗಸರೇ ನಮ್ಮ ಕಾಯಂ ಗಿರಾಕಿಗಳು. ಮೂರು ಜನ ಸೇರಿ ತಲೆಗಿಷ್ಟು ಅಂತ ಕೊಟ್ಟು ಹೋಗುತ್ತಿದ್ದರು. ಆ ಬಾಡಿಗೆ ಹೋಯಿತು. ಅದರ ಮೇಲೆ ಆ್ಯಪ್‌ನವರ ಕಾಟ, ಬೈಕ್ ಟ್ಯಾಕ್ಸಿ ಕಾಟ. 2023ರ ಸೆಪ್ಟೆಂಬರ್ 11ಕ್ಕೆ ಬೆಂಗಳೂರಲ್ಲಿ ಖಾಸಗಿ ಸಾರಿಗೆ ಬಂದ್ ಆದಾಗ ನಮ್ಮ ಸಂಘದಿಂದಲೂ ಹೋಗಿದ್ದೆವು.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್. ಮಗಳು ಡಿಗ್ರಿ ಓದುತ್ತಾಳೆ. ಇಬ್ಬರೂ ಉಚಿತವಾಗಿ ಓಡಾಡುತ್ತಾರೆ. ತಿಂಗಳಿಗೆ ಸಾವಿರಕ್ಕೂ ಜಾಸ್ತಿ ಮನೆಯಲ್ಲಿ ಉಳಿಯುತ್ತದೆ. ಸ್ಟ್ಯಾಂಡಲ್ಲಿ ನನಗೆ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಹಾಗಾದರೆ ನಾನು ಯೋಜನೆ ಪರವೋ ವಿರುದ್ಧವೋ? ಎರಡು ವರ್ಷದಿಂದ ನನಗೇ ಗೊತ್ತಾಗುತ್ತಿಲ್ಲ. ಒಂದು ಯೋಜನೆಯಿಂದ ಯಾರ ಹೊಟ್ಟೆಗೆ ಪೆಟ್ಟು ಬೀಳುತ್ತದೆ ಅಂತ ಮೊದಲೇ ಕೂತು ಕೇಳಿದ್ದರೆ ಚೆನ್ನಾಗಿತ್ತು. ಬಂದ್ ಮಾಡಿದ ಮೇಲಷ್ಟೇ ಮಾತುಕತೆಗೆ ಕರೆದರು.

---

ಕುಂದಾಪ್ರ_ಕಡೆ

ನಮ್ಮ ಕಡೆ ಬನ್ನಿ. ಉಡುಪಿ, ದಕ್ಷಿಣ ಕನ್ನಡದಲ್ಲಿ ರಸ್ತೆ ಮೇಲೆ ಕಾಣುವುದೇ ಖಾಸಗಿ ಬಸ್. ಮಂಗಳೂರಲ್ಲಿ 1914ರಲ್ಲೇ ಸಿಪಿಸಿ (ಕೆನರಾ ಪಬ್ಲಿಕ್ ಕನ್ವೇಯನ್ಸ್) ಕಂಪನಿ ಬಸ್ ಓಡಿಸಿತ್ತು. ಆ ಪರಂಪರೆ ದೊಡ್ಡದು, ನಮಗೆ ಹೆಮ್ಮೆಯೂ ಇದೆ. ಐದು ನಿಮಿಷಕ್ಕೊಂದು ಬಸ್ ಬರುತ್ತದೆ, ಕೈ ಅಡ್ಡ ಹಿಡಿದರೆ ನಿಲ್ಲುತ್ತದೆ. ಅಕ್ಕನ ಊರಿನ ಕಷ್ಟ ನಮಗಿಲ್ಲ.

ಆದರೆ ಉಚಿತ ನಮಗೆ ಎಲ್ಲಿ? ಗೋಡಂಬಿ ಕಾರ್ಖಾನೆಗೆ ಹೋಗುವ ಹೆಂಗಸರು, ಮೀನು ಬುಟ್ಟಿ ಹೊತ್ತು ಹೋಗುವವರು ಇವತ್ತಿಗೂ ಪೂರ್ತಿ ಟಿಕೆಟ್ ಕೊಡುತ್ತಾರೆ. ನನ್ನ ಚಿಕ್ಕಮ್ಮ ಬೆಳಿಗ್ಗೆ 5 ಗಂಟೆಗೆ ಬಂದರಿಗೆ ಹೋಗುತ್ತಾರೆ. ಎರಡು ವರ್ಷದಲ್ಲಿ ಒಂದು ಸೊನ್ನೆ ಟಿಕೆಟ್ ಕೂಡ ಅವರ ಕೈಗೆ ಬಂದಿಲ್ಲ. ಅವರೂ ಇದೇ ರಾಜ್ಯದವರು, ಅವರೂ ತೆರಿಗೆ ಕಟ್ಟುತ್ತಾರೆ, ಸೋಪು ಎಣ್ಣೆ ಕೊಂಡರೂ ತೆರಿಗೆ ಅಲ್ವಾ.

ಖಾಸಗಿ ಬಸ್ಸಿಗೂ ವಿಸ್ತರಿಸಿ ಅಂತ ಮಾಲೀಕರ ಸಂಘದವರು ಕೇಳಿದ್ದರು. ಆ ಬಂದ್‌ನಲ್ಲೂ ಇದು ಒಂದು ಬೇಡಿಕೆ ಆಗಿತ್ತು.

---

ಕಂಡಕ್ಟರ್_ಮನೆಯಿಂದ

ಖಾಸಗಿ ಬಸ್ಸಿಗೆ ಕೊಡುವುದು ಕಷ್ಟ. ಎಷ್ಟು ಜನ ಹತ್ತಿದರು ಅಂತ ಸರ್ಕಾರ ಯಾರ ಲೆಕ್ಕ ನಂಬಬೇಕು? ಕೆಲವು ಬಸ್ಸಲ್ಲಿ ಚೀಟಿ ಕೊಡುವ ಪದ್ಧತಿಯೇ ಇಲ್ಲ. ಮೊದಲು ಅಲ್ಲಿ ಮಷೀನು ಬರಲಿ.

---

ಕುಂದಾಪ್ರ_ಕಡೆ

ಮಷೀನು ಬರಲಿ, ಸರಿ. ಅಲ್ಲಿಯ ತನಕ ಸರ್ಕಾರಿ ಬಸ್ಸಾದರೂ ಜಾಸ್ತಿ ಬಿಡಲಿ. ಎರಡೂ ಇಲ್ಲ ಅಂದರೆ ಹೇಗೆ?

---

ಕೊಪ್ಪದಿಂದ

ಮಲೆನಾಡಿನಲ್ಲೂ ಇದೇ. ನಮ್ಮ ಕೊಪ್ಪದಲ್ಲಿ ಸಹಕಾರ ಸಾರಿಗೆ ಅಂತ ಇತ್ತು, ಹಳಬರಿಗೆ ನೆನಪಿರಬಹುದು. 1991ರಲ್ಲಿ ಕಾರ್ಮಿಕರೇ ಸಂಘ ಕಟ್ಟಿಕೊಂಡು ಬಸ್ ಓಡಿಸಿದರು. ಡ್ರೈವರೂ ಪಾಲುದಾರ, ಕಂಡಕ್ಟರೂ ಪಾಲುದಾರ, ಗ್ಯಾರೇಜಿನವನೂ ಪಾಲುದಾರ. ತಿರುವು ಮುರುವು ಘಾಟಿಯಲ್ಲಿ, ಜೋರು ಮಳೆಯಲ್ಲಿ, ಹತ್ತು ಮನೆ ಇರುವ ಊರಿಗೂ ಬರುತ್ತಿದ್ದರು. ವಿದ್ಯಾರ್ಥಿಗಳಿಗೆ ರಿಯಾಯಿತಿ ಇತ್ತು. ನಾನು ಪಿಯುಸಿ ಓದಿದ್ದೇ ಆ ಬಸ್ಸಲ್ಲಿ. ಮಳೆಗಾಲದಲ್ಲಿ ಕಿಟಕಿಯ ಟಾರ್ಪಾಲು ಇಳಿಬಿಟ್ಟು, ಒದ್ದೆ ಕೊಡೆಗಳನ್ನೆಲ್ಲ ಬಾನೆಟ್ ಪಕ್ಕ ಒಟ್ಟಿ, ಡ್ರೈವರಣ್ಣ ನಮ್ಮನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು.

2020ರಲ್ಲಿ ಅದು ನಿಂತುಹೋಯಿತು. ಡೀಸೆಲ್ ದರ, ತೆರಿಗೆ, ನಷ್ಟ. ಅದನ್ನು ಉಳಿಸಲು ಆಗ ಬೇಕಿದ್ದ ದುಡ್ಡು ಶಕ್ತಿಯ 5,300 ಕೋಟಿ ಮುಂದೆ ಏನೂ ಅಲ್ಲ. ಈಗ ನಮ್ಮೂರಿನ ಹೆಂಗಸರಿಗೆ ಉಚಿತ ಟಿಕೆಟ್‌ನ ಹಕ್ಕಿದೆ, ಹತ್ತಲು ಸರ್ಕಾರಿ ಬಸ್ಸಿಲ್ಲ. ಅಕ್ಕ ಕೇಳಿದ ಪ್ರಶ್ನೆ ನಮ್ಮದೂ ಹೌದು.

---

ಗಡಿನಾಡು_ಹುಡುಗಿ

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಮಂಗಳೂರಲ್ಲಿ ಕನ್ನಡ ಎಂಎ. ಅಂತರರಾಜ್ಯ ಬಸ್ಸಿಗೆ ಯೋಜನೆ ಇಲ್ಲ, ನನ್ನ ಆಧಾರ್ ಕೇರಳದ್ದು. ಹಾಗಾಗಿ ಎರಡು ಕಾರಣಕ್ಕೂ ಟಿಕೆಟ್ ತೆಗೆದುಕೊಳ್ಳುತ್ತೇನೆ. ದೂರು ಅಂತಲ್ಲ. ಗೆರೆ ಎಲ್ಲಿ ಎಳೆದರೂ ಆಚೆ ಯಾರೋ ಉಳಿಯುತ್ತಾರೆ ಅಂತ ಹೇಳಬೇಕೆನಿಸಿತು.

---

ಪೀಣ್ಯ_ಶಿಫ್ಟ್

ಗೆರೆ ವಿಷಯ ಬಂತು, ಇದನ್ನು ಹೇಳಲೇಬೇಕು. ನಾನು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನಮ್ಮ ಲೈನಲ್ಲಿ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರೇ ಜಾಸ್ತಿ. ಹತ್ತೊಂಬತ್ತು, ಇಪ್ಪತ್ತು ವಯಸ್ಸು. ಅದೇ ಸಂಬಳ, ಅದೇ ಮಷೀನು, ಅದೇ ಬಸ್ಸು. ನಾನು ಸೊನ್ನೆ ಟಿಕೆಟ್ ತೆಗೆದುಕೊಳ್ಳುತ್ತೇನೆ, ಪಕ್ಕದಲ್ಲಿ ನಿಂತ ಹುಡುಗಿ ಚಿಲ್ಲರೆ ಎಣಿಸಿ ಕೊಡುತ್ತಾಳೆ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾದಾ ಟೌನ್ ಬಸ್ಸಲ್ಲಿ ಎಲ್ಲ ಹೆಂಗಸರಿಗೂ ಉಚಿತ, ಗುರುತಿನ ಚೀಟಿ ಕೇಳುವುದಿಲ್ಲ. ಅಲ್ಲಿ ದೂರದ ಬಸ್ಸಿಗೆ ಇಲ್ಲ, ಅದು ಬೇರೆ ಮಾತು. ಆದರೆ ಆಧಾರ್ ನೋಡುವ ಕೆಲಸ ತಪ್ಪಿದರೆ ಕಂಡಕ್ಟರಣ್ಣನಿಗೂ ಅರ್ಧ ಭಾರ ಇಳಿಯುತ್ತದೆ ಅಲ್ವಾ?

---

ಕಂಡಕ್ಟರ್_ಮನೆಯಿಂದ

ಖಂಡಿತ ಇಳಿಯುತ್ತದೆ. ಸ್ಮಾರ್ಟ್ ಕಾರ್ಡ್ ಬರುತ್ತದೆ ಅಂತ ಶುರುವಿನಲ್ಲೇ ಹೇಳಿದ್ದರು. ಅದಿದ್ದರೆ ಮಷೀನಿಗೆ ಒಮ್ಮೆ ಮುಟ್ಟಿಸಿದರೆ ಸಾಕಾಗುತ್ತಿತ್ತು. ನಾವಿನ್ನೂ ಲ್ಯಾಮಿನೇಷನ್ ಕಿತ್ತುಹೋದ ಆಧಾರ್ ಮೇಲಿನ ಸಣ್ಣ ಅಕ್ಷರ ಓದುತ್ತಿದ್ದೇವೆ.

---

ರಾಜಧಾನಿ_ತೆರಿಗೆದಾರ

ಎಲ್ಲರ ಕಷ್ಟ ಸರಿ. ಆದರೆ 2025-26ರ ಬಜೆಟ್‌ನಲ್ಲಿ ಐದು ಗ್ಯಾರಂಟಿ ಸೇರಿ 51 ಸಾವಿರ ಕೋಟಿ ಇಟ್ಟಿದ್ದಾರೆ. ರಸ್ತೆಗೆ, ನೀರಾವರಿಗೆ, ಶಾಲೆ ಕಟ್ಟಡಕ್ಕೆ ಎಲ್ಲಿ ಉಳಿಯುತ್ತದೆ? ನಾನು ಸಂಬಳದವನು. ತೆರಿಗೆ ಕಟ್ಟುವಾಗ ಅದು ಆಸ್ತಿಯಾಗಲಿ, ಖರ್ಚಾಗಿ ಕರಗದಿರಲಿ ಅಂತ ಆಸೆ. ಇದರಲ್ಲಿ ತಪ್ಪೇನು?

---

ದೆಹಲಿ_ಕನ್ನಡತಿ

ತಪ್ಪಿಲ್ಲ. ಆದರೆ ಐದನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ. 2025-26ರ ರಾಜ್ಯದ ಬಜೆಟ್ 4 ಲಕ್ಷ 9 ಸಾವಿರ ಕೋಟಿ. ಅದರಲ್ಲಿ ಶಕ್ತಿ 5,300. ನೂರು ರೂಪಾಯಿಗೆ ಒಂದು ರೂಪಾಯಿ ಮೂವತ್ತು ಪೈಸೆ. ರೈತರ 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ 2008ರಿಂದ ಕರೆಂಟು ಉಚಿತ. ಅದರ ಸಬ್ಸಿಡಿ ಇದಕ್ಕಿಂತ ಎಷ್ಟೋ ಜಾಸ್ತಿ. ಅದು ಬೇಡ ಅಂತ ನಾನು ಹೇಳುವುದಿಲ್ಲ, ನಮ್ಮ ಅಪ್ಪನೂ ರೈತರೇ. ಆದರೆ ಪಂಪ್‌ಸೆಟ್ ಪಹಣಿಯಲ್ಲಿ ಹೆಸರಿರುವವನದ್ದು, ಬಹುತೇಕ ಗಂಡಸಿನದ್ದು. ಅದನ್ನು ಯಾರೂ "ಬಿಟ್ಟಿ" ಅನ್ನಲಿಲ್ಲ. ಹೆಂಗಸರ ಟಿಕೆಟ್‌ಗೆ ಮಾತ್ರ ಆ ಪದ ಯಾಕೆ ಅಂಟಿತು ಅಂತ ಯೋಚಿಸಿ.

ಮೆಟ್ರೋಗೂ ಸರ್ಕಾರ ಸಾವಿರಾರು ಕೋಟಿ ಹಾಕಿದೆ. ಹಾಕಲಿ, ಬೇಕು.

---

ರಾಜಧಾನಿ_ತೆರಿಗೆದಾರ

ಮೆಟ್ರೋ ಆಸ್ತಿ. ನೂರು ವರ್ಷ ಇರುತ್ತದೆ. 2025ರ ಫೆಬ್ರವರಿ 9ಕ್ಕೆ ಅದರ ದರ ಏರಿಸಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಮಾಡಿದರು, ನಾನು ಕೊಡುತ್ತಿದ್ದೇನೆ. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ತೊಂಬತ್ತು. ನನಗೆ ಇದು ನೋವು ಕೊಡುತ್ತದೆ, ಅದನ್ನೂ ಅರ್ಥ ಮಾಡಿಕೊಳ್ಳಿ.

---

ವರದಾ_ತೀರ

ಅರ್ಥ ಆಗುತ್ತದೆ ಅಣ್ಣಾ. ತೊಂಬತ್ತು ಜಾಸ್ತಿಯೇ. ಅದನ್ನು ಇಳಿಸಿ ಅಂತ ನೀವು ಕೇಳಿದರೆ ನಾವೂ ದನಿಗೂಡಿಸುತ್ತೇವೆ. ನಮ್ಮದನ್ನು ಕಿತ್ತರೆ ನಿಮ್ಮ ತೊಂಬತ್ತು ಅರವತ್ತಾಗುವುದಿಲ್ಲ.

ನೀವೆಲ್ಲ ಬರೆದದ್ದನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಕಂಡಕ್ಟರಣ್ಣನ ಒಂದು ಮಾತು ತಲೆಯಲ್ಲೇ ಉಳಿದಿದೆ. "ಚೀಟಿ ಹರಿಯದಿದ್ದರೆ ನೀವು ಪ್ರಯಾಣ ಮಾಡಲೇ ಇಲ್ಲ." 500 ಕೋಟಿ ಚೀಟಿ ಆಯ್ತು ಅಂತ ಲೆಕ್ಕ ಇದೆ. ಬಸ್ ನಿಲ್ಲಿಸದೆ ಹೋದಾಗ ಸ್ಟಾಪಲ್ಲಿ ಉಳಿದ ನಾವು ಏಳು ಜನ ಯಾವ ಲೆಕ್ಕದಲ್ಲಿ ಇದ್ದೇವೆ? ಹತ್ತದವರಿಗೆ ಚೀಟಿ ಇಲ್ಲ. ಡಿಪೋದಲ್ಲಿ ಕೇಳಿದಾಗ "ಆ ರೂಟಲ್ಲಿ ಅಷ್ಟು ಬೇಡಿಕೆ ಇಲ್ಲ ಅಮ್ಮಾ, ಮಷೀನು ನೋಡಿ" ಅಂತ ಹೇಳಿದ್ದರು. ಮಷೀನಲ್ಲಿ ನಾವು ಹೇಗೆ ಕಾಣುತ್ತೇವೆ?

ಅದಕ್ಕೆ ಒಂದು ಯೋಚನೆ ಬಂದಿದೆ. ನಾವೇ ಎಣಿಸಿದರೆ ಹೇಗೆ?

---

ಲೆಕ್ಕದ_ಮೇಷ್ಟ್ರು

ಎಣಿಸಿ! ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ನೋಟುಬುಕ್ಕಿನಲ್ಲಿ ಗೆರೆ ಹಾಕಿ. ತಾರೀಖು, ಬಸ್ ಬಂದ ಸಮಯ, ಕಾಯುತ್ತಿದ್ದವರು ಎಷ್ಟು, ಹತ್ತಿದವರು ಎಷ್ಟು, ಉಳಿದವರು ಎಷ್ಟು. ಉಳಿದವರಲ್ಲಿ ಹೆಂಗಸರು, ವಿದ್ಯಾರ್ಥಿಗಳು, ವಯಸ್ಸಾದವರು ಬೇರೆ ಬೇರೆ ಬರೆಯಿರಿ. ಒಂದು ದಿನದ್ದು ಸಾಲದು, ಕನಿಷ್ಠ ಆರು ದಿನ. ಸಂತೆ ದಿನ ಪಕ್ಕದಲ್ಲಿ ಗುರುತು ಹಾಕಿ, ಇಲ್ಲದಿದ್ದರೆ "ಸಂತೆ ಇತ್ತು, ಅದಕ್ಕೇ" ಅಂತಾರೆ. ಪಟ್ಟಿ ಮಾಡಿಕೊಡುವುದು ನನ್ನ ಕೆಲಸ, ಇಲ್ಲಿ ಅಂಕಿ ಹಾಕಿ ಸಾಕು.

---

ಹಾಸ್ಟೆಲ್_ಹುಡುಗ

ಅಕ್ಕ, ನೀವು ಹೇಳಿದ ಬೀಜದ ಕಂಪನಿ ಸ್ಟಾಪ್, ಪೆಟ್ರೋಲ್ ಬಂಕ್ ಎದುರಿನದ್ದಾ? ಹಾಗಿದ್ದರೆ ನಾನೂ ನನ್ನ ಗೆಳೆಯನೂ ದಿನಾ ಅಲ್ಲೇ ಇರುತ್ತೇವೆ! ನಾವು ಎಣಿಸುತ್ತೇವೆ. ನೀವು ಕೆಲಸ ಮುಗಿಸಿ ಬರುವಷ್ಟರಲ್ಲಿ ಬಸ್ ಬಂದರೂ ಲೆಕ್ಕ ತಪ್ಪುವುದಿಲ್ಲ.

---

ಕಂಡಕ್ಟರ್_ಮನೆಯಿಂದ

ಒಳಗಿನವನಾಗಿ ನಾಲ್ಕು ಮಾತು.

ಹೊಸ ಬಸ್ ಕೊಡಿ ಅಂತ ಬರೆಯಬೇಡಿ. ಹೊಸ ಬಸ್ ಅಂದ ಕೂಡಲೇ ಫೈಲು ಮೇಲಕ್ಕೆ ಹೋಗುತ್ತದೆ, ಅಲ್ಲೇ ಕೂರುತ್ತದೆ. ಈಗಿರುವ ಯಾವುದಾದರೂ ಶೆಡ್ಯೂಲ್ ಸಂಜೆ ಏಳರ ಸುಮಾರಿಗೆ ಪೇಟೆಗೆ ಬಂದು ಖಾಲಿ ನಿಲ್ಲುತ್ತದೆಯಾ ನೋಡಿ. "ಅದನ್ನು ನಮ್ಮೂರ ತನಕ 19 ಕಿಲೋಮೀಟರ್ ಮುಂದುವರಿಸಿ" ಅಂತ ಬರೆಯಿರಿ.

ವಸ್ತಿ ಬಸ್ ಬೇಕೆಂದರೆ ಡ್ರೈವರ್, ಕಂಡಕ್ಟರ್ ಮಲಗಲು ಜಾಗ ತೋರಿಸಿ. ಬಾಗಿಲು ಇರುವ ಕೋಣೆ, ಶೌಚಾಲಯ, ಕುಡಿಯುವ ನೀರು. ಈಗ ಹೆಣ್ಣುಮಕ್ಕಳೂ ಕಂಡಕ್ಟರ್ ಆಗಿ ಬರುತ್ತಾರೆ. ಬಸ್ಸಿನ ಸೀಟಿನ ಮೇಲೆ ಸೊಳ್ಳೆ ಹೊಡೆದುಕೊಂಡು ಮಲಗಿ ಬೆಳಿಗ್ಗೆ 5.30ಕ್ಕೆ ಗಾಡಿ ತೆಗೆಯುವ ಕಷ್ಟ ನಾನು ಉಂಡಿದ್ದೇನೆ. ಎಷ್ಟೋ ವಸ್ತಿ ಟ್ರಿಪ್‌ಗೆ ಯಾರೂ ಹೋಗಲು ಒಪ್ಪದಿರುವುದು ಇದಕ್ಕೇ.

ಪಂಚಾಯ್ತಿಯಿಂದ ಠರಾವು ಮಾಡಿಸಿ ಲಗತ್ತಿಸಿ. ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

---

ಮೂರು_ಚಕ್ರ

ಅಕ್ಕ, ಏಳು ಗಂಟೆ ಮೇಲೆ ಆ ಟೆಂಪೋದವನೂ ನನ್ನ ಹಾಗೇ ಹೊಟ್ಟೆಪಾಡಿನವನು. ಅವನ ಹತ್ತಿರವೂ ಒಂದು ಮಾತು ಹೇಳಿಡಿ. ಬಸ್ ಬಂದ ದಿನ ಅವನು ಹಠಾತ್ತನೆ ಖಾಲಿ ನಿಲ್ಲುವಂತಾಗಬಾರದು.

---

ವರದಾ_ತೀರ

ಹೇಳಿದೆ ಅಣ್ಣಾ. "ಬಸ್ ಬರಲಿ ಅಕ್ಕ, ನನಗೆ ಬಂಕಿನ ಕಡೆ ಬೇರೆ ಬಾಡಿಗೆ ಇದೆ, ರಾತ್ರಿ ನಿಮ್ಮನ್ನೆಲ್ಲ ಒತ್ತಿ ತುಂಬಿಕೊಂಡು ಹೋಗುವಾಗ ನನಗೂ ಹೆದರಿಕೆ" ಅಂದ.

---

ವರದಾ_ತೀರ (ಎಂಟು ದಿನದ ನಂತರ)

ಎಣಿಸಿದ್ದು ಮುಗಿಯಿತು. ಹಾಸ್ಟೆಲ್ ಹುಡುಗರಿಬ್ಬರೂ ಒಂದು ದಿನವೂ ತಪ್ಪಿಸಲಿಲ್ಲ. ಗುರುವಾರ ಮಳೆಯಲ್ಲಿ ನೋಟುಬುಕ್ಕನ್ನು ಅಂಗಿಯೊಳಗೆ ಇಟ್ಟುಕೊಂಡು ಎಣಿಸಿದ್ದಾರೆ, ಒಂದು ಪುಟದ ಶಾಯಿ ಹರಡಿದೆ. ಆದರೂ ಓದಲು ಬರುತ್ತದೆ.

ಸೋಮವಾರ 34 ಜನ ಕಾಯುತ್ತಿದ್ದರು, 21 ಜನ ಹತ್ತಿದರು, 13 ಜನ ಉಳಿದರು. ಮಂಗಳವಾರ 31ರಲ್ಲಿ 9 ಜನ ಉಳಿದರು. ಬುಧವಾರ ಸಂತೆ, 47ರಲ್ಲಿ 28. ಗುರುವಾರ ಬಸ್ 40 ನಿಮಿಷ ತಡ, 33ರಲ್ಲಿ 15. ಶುಕ್ರವಾರ ನಿಲ್ಲಿಸಲೇ ಇಲ್ಲ, 29ಕ್ಕೆ 29. ಶನಿವಾರ 22ರಲ್ಲಿ 4.

ಆರು ದಿನಕ್ಕೆ ಉಳಿದವರು 98. ಅದರಲ್ಲಿ ಹೆಂಗಸರು 61, ಪಾಸ್ ಹುಡುಗರು 26, ಉಳಿದ 11 ಜನ ಗಂಡಸರು, ಅವರಲ್ಲಿ ಇಬ್ಬರು ಕೋಲು ಹಿಡಿದ ಅಜ್ಜಂದಿರು.

ಮೇಷ್ಟ್ರು ಪಟ್ಟಿ ಮಾಡಿ ಕಳಿಸಿದ್ದಾರೆ, ತುಂಬಾ ಚೆನ್ನಾಗಿದೆ. ಪಂಚಾಯ್ತಿಯಲ್ಲಿ ಠರಾವು ಆಯ್ತು. ಹಳೆ ಗ್ರಂಥಾಲಯದ ಪಕ್ಕದ ಕೋಣೆಗೆ ಬಾಗಿಲು, ಬಲ್ಬು ಹಾಕಿಸಿಕೊಡುತ್ತೇವೆ ಅಂತ ಸ್ವಸಹಾಯ ಸಂಘದವರು ಒಪ್ಪಿದ್ದಾರೆ. ಸಂಜೆ 7.05ಕ್ಕೆ ಪೇಟೆಗೆ ಬಂದು ಬೆಳಿಗ್ಗೆ ತನಕ ನಿಲ್ಲುವ ಒಂದು ಬಸ್ಸನ್ನೂ ಹುಡುಗರು ಪತ್ತೆ ಮಾಡಿದ್ದಾರೆ.

ನಾಳೆ ಹನ್ನೊಂದು ಗಂಟೆಗೆ ಅರ್ಜಿ ಕೊಡಲು ಹೋಗುತ್ತಿದ್ದೇವೆ. ಅರ್ಧ ದಿನದ ಕೂಲಿ ಬಿಟ್ಟು ಒಂಬತ್ತು ಜನ ಹೆಂಗಸರು, ಎರಡು ಹುಡುಗರು. ಸೀಲು ಹಾಕಿಸಿಕೊಂಡು ಬಂದು ಇಲ್ಲೇ ಬರೆಯುತ್ತೇನೆ.

---

ಕೊಪ್ಪದಿಂದ

ಅಕ್ಕ, ಆ ಪಟ್ಟಿಯ ಖಾಲಿ ನಮೂನೆ ನನಗೂ ಕಳಿಸಿ. ನಮ್ಮ ಕೈಮರದ ಹತ್ತಿರ ಸೋಮವಾರದಿಂದ ಎಣಿಸುತ್ತೇವೆ.